ಮೀಟರ್ ಮಾವ ಆಫ್ರಿಕಾಕ್ಕೆ ಹೊರಟಿದ್ದು

ಮೀಟರ್ ಮಾವ ಆಫ್ರಿಕಾಕ್ಕೆ ಹೋಗಿ ಬಂದವರು ಎಂಬುದು ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಏನಾಯಿತು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅವರು ಹೇಳದೆ ಇದ್ದದ್ದು ಇದಕ್ಕೆ ಕಾರಣವಲ್ಲ. ನಾವು ಕೇಳದೆ ಇದ್ದದ್ದು ಕಾರಣ.

ಆಗ ಅವರು ಇಪ್ಪತ್ತರ ಹುಡುಗ. ಚರ್ಚಿನ ಯುವಜನರ ತಂಡವೊಂದು ಆಫ್ರಿಕಾದ ದಕ್ಷಿಣದ ಕಡೆಯ ಒಂದು ಹಳ್ಳಿಗೆ ಸೇವೆಗೆಂದು ಹೊರಟಿತು. ತಂಡದಲ್ಲಿ ಇವರೂ ಇದ್ದರು. ಒಂದು ತಿಂಗಳಿದ್ದು ಬಂದರು. ಬಂದ ದಿನದಿಂದ ಅವರ ನಾಲಗೆಯ ತುದಿಯಲ್ಲಿ ಒಂದು ವಾಕ್ಯ ಸಿದ್ಧವಾಗಿ ಕೂತಿತ್ತು: "ನಾವು ಬಸ್ಸಿಂದ ಇಳಿದ್ವಿ ನೋಡಿ..."

ಆ ವಾಕ್ಯದಿಂದ ಆಚೆಗೆ ಕಾಲಿಡಲು ಲೋಕ ಅವರಿಗೆ ಅವಕಾಶ ಕೊಡಲಿಲ್ಲ. "ಸಿಂಹ ನೋಡಿದ್ರಾ?" ಎಂದು ಯಾರಾದರೂ ಕೇಳುವರು. "ಇಲ್ಲ" ಎಂದರೆ ಅಲ್ಲಿಗೆ ಆಫ್ರಿಕಾ ಮುಗಿಯಿತು. ಇಲ್ಲವೇ ಹಾಲು ಉಕ್ಕುವುದು. ಇಲ್ಲವೇ ಫೋನು ಬರುವುದು. ಅವರ ಹೆಂಡತಿ, ಅಂದರೆ ಇಡೀ ಕಟ್ಟಡಕ್ಕೆ ಅತ್ತೆಯಾದವರು, ಔಷಧಿ ಅಂಗಡಿಯಲ್ಲಿ ಬಿಲ್ ಮಾಡುತ್ತಾರೆ. ದಿನವಿಡೀ ಜನರ ಕೆಮ್ಮು ಕೇಳಿ ಕೇಳಿ ಬಂದವರಿಗೆ ಕಥೆ ಕೇಳುವ ಶಕ್ತಿ ಇರುತ್ತಿರಲಿಲ್ಲ. "ರೀ, ಬಸ್ಸಿಂದ ಇಳಿದಿದ್ದು ಸಾಕು, ಮೊದಲು ಅಟ್ಟದಿಂದ ಆ ಡಬ್ಬ ಇಳಿಸಿ" ಅನ್ನುವರು. ಮಾವ ಡಬ್ಬ ಇಳಿಸುವರು.

ಒಮ್ಮೆ ಮಾತ್ರ, ಮದುವೆಯಾದ ಮರುವರ್ಷ, ಅತ್ತೆ ತಾವಾಗಿಯೇ "ಹೇಳಿ, ಏನಾಯ್ತು ಅಲ್ಲಿ" ಎಂದು ಎದುರಿಗೆ ಕೂತರಂತೆ. ಮಾವ ಬಸ್ಸಿಳಿದರು. ನಾಲ್ಕು ಹೆಜ್ಜೆ ನಡೆದೂ ಬಿಟ್ಟರು. ಅಷ್ಟರಲ್ಲಿ ಅತ್ತೆಗೆ ಹೆರಿಗೆ ನೋವು ಬಂತು. ಆಗ ಹುಟ್ಟಿದ ಮಗಳು ಈಗ ಬೇರೆ ಊರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಮಾವ ಇನ್ನೂ ಬಸ್ಸಿನ ಪಕ್ಕದಲ್ಲೇ ನಿಂತಿದ್ದರು.

ಅವರ ಉದ್ಯೋಗ ನೀರು ಸರಬರಾಜು ಇಲಾಖೆಯ ವರ್ಕ್‌ಶಾಪಿನಲ್ಲಿ ಕೆಟ್ಟ ಮೀಟರುಗಳ ರಿಪೇರಿ. ಉದ್ದನೆಯ ಮೇಜು, ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಹಿತ್ತಾಳೆಯ ಮೀಟರುಗಳು, ಉಗುರಿಗಿಂತ ಚಿಕ್ಕ ಹಲ್ಲುಚಕ್ರಗಳು, ಪಕ್ಕದಲ್ಲಿ ಯಾವಾಗಲೂ ಜುಳುಜುಳು ಹರಿಯುವ ಪರೀಕ್ಷೆಯ ನಲ್ಲಿ. ಆ ಸದ್ದಿನಲ್ಲಿ ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ. ಹೀಗಾಗಿ ಅಲ್ಲೂ ಅವರಿಗೆ ಬಸ್ಸಿನಿಂದ ಮುಂದೆ ಹೋಗಲಾಗಿರಲಿಲ್ಲ.

ಇಂಥವರ ಬಳಿಗೆ ಒಂದು ಭಾನುವಾರ ಚರ್ಚಿನ ಹೊಸ ಪಾಸ್ಟರ್ ಬಂದರು. ಇನ್ನೂ ಚಿಕ್ಕ ವಯಸ್ಸು, ಉತ್ಸಾಹದ ಮನುಷ್ಯ.

"ಅಂಕಲ್, ಮುಂದಿನ ತಿಂಗಳು ನಮ್ಮ ಹುಡುಗ ಹುಡುಗೀರು ಆಫ್ರಿಕಾಗೆ ಹೊರಡ್ತಿದಾರೆ. ನೀವು ಹೋಗಿದ್ರಲ್ಲ, ಆ ಕಡೆಗೇ. ಹಳೇ ತಂಡದವರಲ್ಲಿ ಊರಲ್ಲಿ ಉಳ್ಕೊಂಡಿರೋರು ನೀವೊಬ್ಬರೇ. ಶನಿವಾರ ಸಂಜೆ ಹಾಲ್‌ನಲ್ಲಿ ನಿಮ್ಮ ನೆನಪುಗಳನ್ನ ಹಂಚ್ಕೋಬೇಕು."

ಮಾವ ಹಿಂದಕ್ಕೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಹಾಗಾದರೆ ತಮಗೇ ಹೇಳಿದ್ದು.

"ಪೂರ್ತಿ ಹೇಳ್ಬಹುದಾ?" ಎಂದು ಕೇಳಿದರು.

"ಪೂರ್ತಿ ಹೇಳಿ. ಒಂದೇ ಒಂದು ಮಾತು ಅಂಕಲ್. 'ಹೋಗಿದ್ದೆ, ಬಂದಿದ್ದೆ' ಅಂತ ಭೂತಕಾಲದಲ್ಲಿ ಹೇಳಿದ್ರೆ ಈ ಕಾಲದ ಹುಡುಗರು ಫೋನ್ ತೆಗೆದು ಕೂತ್ಬಿಡ್ತಾರೆ. ವರ್ತಮಾನಕಾಲದಲ್ಲಿ ಹೇಳಿ. ಈಗ, ಇಲ್ಲೇ, ಕಣ್ಣೆದುರಿಗೇ ನಡೀತಿದೆ ಅನ್ನೋ ಹಾಗೆ."

ಒಳ್ಳೆಯ ಸಲಹೆ. ಮುಂದೆ ನಡೆದದ್ದಕ್ಕೆಲ್ಲ ಮೂಲವೂ ಅದೇ.

ಹೆಂಡತಿಗೆ ಸುದ್ದಿ ತಿಳಿಸಬಾರದೆಂದು ಮಾವ ನಿಶ್ಚಯಿಸಿದರು. ತಿಳಿಸಿದರೆ ಆಕೆ ಮನೆಯಲ್ಲೇ "ಏನು ಹೇಳ್ತೀರಿ, ಹೇಳಿ ನೋಡೋಣ" ಎನ್ನುವರು, ಇವರು ಬಸ್ಸಿಳಿಯುವರು, ಏನೋ ಒಂದು ಉಕ್ಕುವುದು. ಅದರ ಬದಲು ಆಕೆ ಹಾಲಿಗೆ ಬಂದು, ಉಕ್ಕುವಂಥದ್ದು ಏನೂ ಇಲ್ಲದ ಜಾಗದಲ್ಲಿ, ಕುರ್ಚಿಯ ಮೇಲೆ ಕೂತು ಮೊದಲ ಸಲ ಪೂರ್ತಿ ಕೇಳಲಿ. ಇದು ಅವರ ಯೋಜನೆ. ಹೇಳದೆ ಕೇಳದೆ ಆಕೆ ಹಾಲಿಗೆ ಹೇಗೆ ಬರುತ್ತಾರೆ ಎಂಬ ಒಂದು ಅಂಶ ಬಿಟ್ಟರೆ ಯೋಜನೆಯಲ್ಲಿ ಲೋಪವಿರಲಿಲ್ಲ.

ಮರುದಿನ ಬೆಳಿಗ್ಗೆಯಿಂದ ಬಚ್ಚಲುಮನೆಯಲ್ಲಿ ಅಭ್ಯಾಸ ಶುರುವಾಯಿತು. ನಮ್ಮ ಕಟ್ಟಡದ ಬಚ್ಚಲುಮನೆಗಳಿಗೆಲ್ಲ ಒಂದೇ ಗಾಳಿಕೊಳವೆ. ಮೇಲಿನವರು ಸೀನಿದರೆ ಕೆಳಗಿನವರು "ಚಿರಾಯು" ಎನ್ನಬಹುದು. ಕೆಳಗಿನ ಮನೆಯಲ್ಲಿದ್ದವರು ಹೆಡ್‌ಮೇಡಂ. ಶಾಲೆಯಲ್ಲಿ ಜೀವಮಾನವಿಡೀ ವ್ಯಾಕರಣ ಕಲಿಸಿ ನಿವೃತ್ತರಾದವರು. ಅವರು ಬಾಯಿ ಮುಕ್ಕಳಿಸುತ್ತಿದ್ದಾಗ ಕೊಳವೆಯಿಂದ ಗಂಭೀರವಾದ ಧ್ವನಿಯೊಂದು ಇಳಿದು ಬಂತು.

"ನಾನು ಆಫ್ರಿಕಾಕ್ಕೆ ಹೊರಟಿದ್ದೇನೆ. ಎದೆ ಡವಡವ ಹೊಡೆದುಕೊಳ್ಳುತ್ತಿದೆ. ಮನೆಯವರ ಮುಖ ನೋಡಲಾಗುತ್ತಿಲ್ಲ. ಆದರೂ ಹೊರಟಿದ್ದೇನೆ. ಯಾರೂ ನನ್ನನ್ನು ತಡೆಯಲಾರರು!"

ಹೆಡ್‌ಮೇಡಂ ಬಾಯಲ್ಲಿದ್ದ ನೀರನ್ನು ನುಂಗಿಬಿಟ್ಟರು.

ಅರ್ಧ ಗಂಟೆಯಲ್ಲಿ ಅವರು ನಮ್ಮ ಮನೆಯಲ್ಲಿದ್ದರು. "ನಿಮಗೆ ಕೇಳಿದ್ದು ತಪ್ಪಿರಬಹುದು ಮೇಡಂ, ಹಳೇ ಕಥೆ ಏನಾದ್ರೂ ಹೇಳ್ತಿದ್ರೇನೋ" ಎಂದು ನಾನು ಅಂದೆ. ಅವರು ನನ್ನನ್ನು ಕೊನೆಯ ಬೆಂಚಿನ ಹುಡುಗನನ್ನು ನೋಡುವಂತೆ ನೋಡಿದರು.

"ವ್ಯಾಕರಣ ಪಾಠ ಮಾಡಿದೋಳು ನಾನು. ಯಾವುದು ಭೂತಕಾಲ, ಯಾವುದು ವರ್ತಮಾನಕಾಲ ಅಂತ ನನಗೆ ಗೊತ್ತಾಗಲ್ವಾ? 'ಹೊರಟಿದ್ದೇನೆ'. ವರ್ತಮಾನಕಾಲ, ಉತ್ತಮ ಪುರುಷ, ಏಕವಚನ. ಏಕವಚನ ಕಣಯ್ಯಾ! 'ಹೊರಟಿದ್ದೇವೆ' ಅನ್ನಲಿಲ್ಲ. ಅಂದ್ರೆ ಹೆಂಡತಿ ಜೊತೆಗೆ ಹೋಗ್ತಿಲ್ಲ."

ವ್ಯಾಕರಣದ ಎದುರಿಗೆ ನಾನು ತಲೆಬಾಗಿದೆ.

"ಆ ಹೆಣ್ಣುಮಗಳ ಕಿವಿಗೆ ಮಾತ್ರ ಬೀಳಬಾರದು" ಎಂದು ಅಪ್ಪಣೆ ಮಾಡಿ ಹೆಡ್‌ಮೇಡಂ ಎದ್ದರು. ಆಮೇಲೆ ಅತ್ತೆಯೊಬ್ಬರನ್ನು ಬಿಟ್ಟು ಉಳಿದ ಎಲ್ಲರ ಕಿವಿಗೂ ಸುದ್ದಿ ಬಿತ್ತು. ಚರ್ಚಿನ ಕಡೆಯಿಂದ 'ಶನಿವಾರ' ಎಂಬ ಮಾತೊಂದು ಬಂದು ಅದಕ್ಕೆ ಅಂಟಿಕೊಂಡಿತು.

ಆದರೂ ಮೇಡಂ ನ್ಯಾಯವಂತರು. ಖುದ್ದು ವಿಚಾರಿಸದೆ ತೀರ್ಮಾನ ಮಾಡುವವರಲ್ಲ. ಸಂಜೆ ಮೆಟ್ಟಿಲ ಮೇಲೆ ಮಾವನನ್ನು ನಿಲ್ಲಿಸಿದರು. ನಾನು ಒಂದು ಮಹಡಿ ಮೇಲೆ, ಕಟಕಟೆಗೆ ಆತು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದೆ.

"ಶನಿವಾರವಂತೆ?" ಎಂದರು ಮೇಡಂ.

ಮಾವನ ಮುಖ ಅರಳಿತು. "ಹೌದು ಮೇಡಂ! ನಿಮಗೂ ಗೊತ್ತಾಯ್ತಾ? ಚರ್ಚ್ ಹಾಲ್‌ನಲ್ಲಿ, ಸಂಜೆ."

"ಎಷ್ಟು ದಿನದಿಂದ ಮನಸ್ಸಲ್ಲಿತ್ತು?"

"ಮದುವೆಗಿಂತ ಮುಂಚಿಂದ. ಒಳಗೇ ಇಟ್ಕೊಂಡು ಇಟ್ಕೊಂಡು ಸಾಕಾಗಿತ್ತು ಮೇಡಂ."

"ಮನೆಯವರಿಗೆ ಹೇಳಿದೀರಾ?"

"ಇಲ್ಲ. ಹೇಳಿದ್ರೆ ಮಧ್ಯದಲ್ಲೇ ತಡೀತಾಳೆ. ಅದಕ್ಕೇ ಗುಟ್ಟಾಗಿಟ್ಟಿದೀನಿ."

"ಒಬ್ಬರೇನಾ?"

"ಒಬ್ಬನೇ. ಜೊತೇಲಿದ್ದೋರೆಲ್ಲ ಯಾವಾಗ್ಲೋ ಚದುರಿಹೋದ್ರು."

"ಭಯ ಆಗಲ್ವಾ ಈ ವಯಸ್ಸಲ್ಲಿ?"

"ಕೈಕಾಲು ನಡುಗತ್ತೆ. ಆದ್ರೆ ಒಂದು ಸಲ ಶುರು ಮಾಡಿದ್ರೆ ಆಮೇಲೆ ಹಿಂದೆ ತಿರುಗಿ ನೋಡೋನಲ್ಲ ನಾನು."

ಮೇಡಂ ಕಟಕಟೆ ಹಿಡಿದುಕೊಂಡರು. ಬೈಯಬೇಕೆಂದು ಬಂದಿದ್ದರು. ಆದರೆ ಆ ಮನುಷ್ಯನ ಮುಖದಲ್ಲಿದ್ದ ಸಂತೋಷ ನೋಡಿ ಅವರಿಗೆ ಬೈಗುಳ ಹೊರಡಲಿಲ್ಲ. ಒಳಗೆ ಹೋಗಿ ತಮ್ಮ ಟಾರ್ಚ್ ತಂದು ಅವರ ಕೈಗಿಟ್ಟರು. "ಅಲ್ಲಿ ಕತ್ತಲಿರಬಹುದು" ಎಂದಷ್ಟೇ ಹೇಳಿದರು.

ಹಾಲಿನಲ್ಲಿ ಕರೆಂಟ್ ಹೋಗುವ ಸಾಧ್ಯತೆಯನ್ನು ಕೂಡ ಯೋಚಿಸಿದ್ದಾರಲ್ಲ ಎಂದು ಮಾವ ಟಾರ್ಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

ಅಂದಿನಿಂದ ಅವರಿಗೆ ಉಡುಗೊರೆಗಳು ಬರತೊಡಗಿದವು. ನೆಲಮಹಡಿಯ ಎಲೆಕ್ಟ್ರಿಷಿಯನ್ ಬೇರೆ ಬೇರೆ ದೇಶದ ಪ್ಲಗ್ಗುಗಳಿಗೆ ಹೊಂದುವ ಅಡಾಪ್ಟರ್ ಕೊಟ್ಟ. ಮೈಕಿಗೆ ಬೇಕಾಗಬಹುದು ಎಂದು ಮಾವ ಇಟ್ಟುಕೊಂಡರು. ನಾನು ಅಗಲ ಅಂಚಿನ ಬಿಸಿಲುಟೋಪಿ ಕೊಟ್ಟೆ. ಸಂಜೆಯ ಭಾಷಣಕ್ಕೆ ಬಿಸಿಲುಟೋಪಿ ಏಕೆಂದು ಅವರು ಕ್ಷಣ ಯೋಚಿಸಿದಂತೆ ಕಂಡಿತು. ಆದರೆ ಕೊಟ್ಟವರ ಮನಸ್ಸು ನೋಯಬಾರದೆಂದು ಅಲ್ಲೇ ತಲೆಗೆ ಹಾಕಿಕೊಂಡು ತೋರಿಸಿದರು. ನನಗೇಕೋ ಕಣ್ಣು ಒದ್ದೆಯಾಗಿ, ಬೇಗ ಬಾಗಿಲು ಹಾಕಿಕೊಂಡೆ.

ಶುಕ್ರವಾರ ಸುದ್ದಿ ವರ್ಕ್‌ಶಾಪಿಗೆ ತಲುಪಿತು. ಅಲ್ಲಿಯ ಸೂಪರಿಂಟೆಂಡೆಂಟ್ ಯಾರನ್ನೂ ಹೊಗಳಿದವರಲ್ಲ. ಚೆನ್ನಾಗಿ ರಿಪೇರಿಯಾದ ಮೀಟರನ್ನು ನೋಡಿದರೆ "ಇದು ಮೊದಲೇ ಸರಿಯಾಗಿತ್ತೇನೋ" ಎನ್ನುವ ಸ್ವಭಾವ. ಅವರು ಮಧ್ಯಾಹ್ನ ಪರೀಕ್ಷೆಯ ನಲ್ಲಿ ನಿಲ್ಲಿಸಿದರು. ಅದರ ಸದ್ದು ನಿಂತದ್ದನ್ನು ಎಷ್ಟೋ ವರ್ಷಗಳಿಂದ ಯಾರೂ ಕೇಳಿರಲಿಲ್ಲವಾಗಿ ಎಲ್ಲರೂ ಗಾಬರಿಯಿಂದ ತಲೆಯೆತ್ತಿದರು.

"ನಿಂತುಹೋದ ಮೀಟರು," ಎಂದು ಸೂಪರಿಂಟೆಂಡೆಂಟ್ ಗಂಟಲು ಸರಿಮಾಡಿಕೊಂಡರು, "ಇವರ ಕೈಗೆ ಬಂದ್ಮೇಲೆ ತಿರುಗದೆ ಇದ್ದದ್ದು ನಾನು ನೋಡಿಲ್ಲ. ಯಾವತ್ತೂ ಹೇಳಿರಲಿಲ್ಲ. ಈಗ ಹೇಳ್ತಿದೀನಿ." ಅಷ್ಟು ಹೇಳಿ ಮೇಜಿನ ಕೆಳಗಿಂದ ನೀಲಿ ಬಣ್ಣದ, ಚಕ್ರವಿರುವ, ದೊಡ್ಡ ಸೂಟ್‌ಕೇಸ್ ಹೊರಗೆಳೆದರು. ಎಲ್ಲರೂ ಸೇರಿ ತಂದದ್ದು.

ಮಾವ ಅದರ ಹಿಡಿಯನ್ನು ಒಮ್ಮೆ ಹೊರಗೆಳೆದು, ಒಮ್ಮೆ ಒಳಗೆ ತಳ್ಳಿ ನೋಡಿದರು. ಒಂದು ಸಣ್ಣ ಭಾಷಣಕ್ಕೆ ಇಷ್ಟು ಪ್ರೋತ್ಸಾಹ!

"ಹೋಗ್ಲೇಬೇಕಾ?" ಎಂದು ಸೂಪರಿಂಟೆಂಡೆಂಟ್ ಮೆಲ್ಲಗೆ ಕೇಳಿದರು.

"ಪಾಸ್ಟರ್‌ಗೆ ಮಾತು ಕೊಟ್ಟುಬಿಟ್ಟಿದೀನಿ ಸರ್."

"ಆಮೇಲೆ? ಆಮೇಲೇನು ಮಾಡ್ತೀರಿ?"

"ಆಮೇಲೇನ್ ಸರ್, ಭಾನುವಾರ ಒಂದು ದಿನ ಸುಧಾರಿಸ್ಕೊಂಡು ಸೋಮವಾರದಿಂದ ಯಥಾಪ್ರಕಾರ ಕೆಲಸ."

ಸೂಪರಿಂಟೆಂಡೆಂಟ್ ಉಳಿದವರ ಕಡೆ ತಿರುಗಿದರು. "ನೋಡಿದ್ರಾ? ಅಷ್ಟು ದೂರ ಹೋಗಿ ಒಂದೇ ದಿನ ವಿಶ್ರಾಂತಿ. ಸೋಮವಾರದಿಂದ ಕೆಲಸ! ನೀವೂ ಇದೀರಿ, ಶೀತ ಬಂದ್ರೆ ವಾರ ರಜ." ಎಂದವರೇ ಕನ್ನಡಕ ಒರೆಸುತ್ತಾ ತಮ್ಮ ಕೋಣೆಗೆ ಹೋದರು. ನಲ್ಲಿಯನ್ನು ಮತ್ತೆ ತಿರುಗಿಸುವುದನ್ನು ಮರೆತೇಬಿಟ್ಟರು.

ಸೂಟ್‌ಕೇಸ್ ಮನೆಗೆ ಬಂದು ಮಂಚದ ಕೆಳಗೆ ಸೇರಿತು. ಭಾಷಣ ಮುಗಿದ ಮೇಲೆ ಹೆಂಡತಿಗೆ ತೋರಿಸಿದರಾಯಿತು ಎಂದು ಮಾವ ಅದರ ಮುಂದೆ ಹಳೆಯ ಚಾಪೆಯೊಂದನ್ನು ಅಡ್ಡ ಇಟ್ಟರು.

ಶನಿವಾರ ಮಧ್ಯಾಹ್ನ ಮಾವ ಒಗೆದು ಇಸ್ತ್ರಿಯಾದ ಅಂಗಿ ತೊಟ್ಟು, ಮೈಕ್ ನೋಡಬೇಕೆಂದು ಬೇಗನೆ ಹೊರಟರು. ಫೋನನ್ನು ಚಾರ್ಜಿಗೆ ಹಾಕಿ ಅಲ್ಲೇ ಮರೆತರು. ಅದೇ ಹೊತ್ತಿಗೆ ಅತ್ತೆಯ ತಮ್ಮ ಔಷಧಿ ಅಂಗಡಿಗೆ ಬಂದ. ವಾಹನಗಳ ಬಿಡಿಭಾಗ ಮಾರುವ, ಬಾಗಿಲಿಗೆ ಅಡ್ಡ ನಿಂತರೆ ಬೆಳಕೇ ಒಳಗೆ ಬರದಂಥ ಆಳು. ಮನಸ್ಸು ಮಾತ್ರ ಬೆಣ್ಣೆ. ಭಾವ ದೇಶ ಬಿಟ್ಟು ಹೋಗುತ್ತಿದ್ದಾರೆಂಬ ದುಃಖದಲ್ಲಿ ಅವನಿಗೆ ಅದು ಅಕ್ಕನ ಕೌಂಟರ್ ಎಂಬುದೇ ಮರೆತುಹೋಗಿತ್ತು.

"ಮಲೇರಿಯಾ ಬರದೇ ಇರೋಕೆ ಏನಿದ್ಯೋ ಎಲ್ಲಾ ಕೊಡಿ" ಎಂದ.

"ಯಾರಿಗೋ ಮಲೇರಿಯಾ?" ಎಂದರು ಅತ್ತೆ, ಬಿಲ್ಲಿನಿಂದ ತಲೆಯೆತ್ತದೆ.

ಧ್ವನಿ ಕೇಳಿ ಅವನು ಬೆಚ್ಚಿದ. ಕೆಮ್ಮಿನ ಔಷಧಿಯ ಕಪಾಟಿನ ಕಡೆ ಮುಖ ತಿರುಗಿಸಿದ. ತಿರುಗಿಸಿದ ಮುಖದಿಂದ ಕಣ್ಣೀರು ಇಳಿಯಿತು.

"ನಿಂಗೆ ಹೇಳಬಾರ್ದು ಅಂದಿದಾರೆ ಅಕ್ಕ ಎಲ್ಲರೂ."

"ಏನನ್ನ?"

"ಭಾವ ಆಫ್ರಿಕಾಗೆ ಹೊರಟ್ರು. ಇವತ್ತು ಸಂಜೆ. ಚರ್ಚ್ ಹಾಲಿಂದ. ಇನ್ನು ವಾಪಸ್ ಬರಲ್ವಂತೆ."

ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ನೋವು ಮರೆತು ಕಿವಿ ನೆಟ್ಟಗೆ ಮಾಡಿದರು. ಅತ್ತೆ ಗಂಡನಿಗೆ ಫೋನ್ ಮಾಡಿದರು. ಅದು ರಿಂಗಾಯಿತು, ರಿಂಗಾಯಿತು, ನಿಂತಿತು. ವಾರದಿಂದ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಗುನುಗುತ್ತಿದ್ದದ್ದು, ಕಾರಣವಿಲ್ಲದೆ ನಗುತ್ತಿದ್ದದ್ದು ಆಕೆಗೆ ನೆನಪಾಗಿರಬೇಕು. ಮಲೇರಿಯಾ ಗುಳಿಗೆಗಳನ್ನು ತೆಗೆದು, ತಮ್ಮನ ಕೈಗೆ ಕೊಡದೆ ತಮ್ಮ ಚೀಲಕ್ಕೇ ಹಾಕಿಕೊಂಡರು, ಮಾಲೀಕರ ಕಡೆ ತಿರುಗಿ "ನಾನು ಮನೆಗೆ ಹೋಗ್ತೀನಿ" ಎಂದರು. ಕೇಳಿದ್ದಲ್ಲ, ಹೇಳಿದ್ದು. ಮಾಲೀಕರು ಎದ್ದು ನಿಂತುಬಿಟ್ಟರು.

ಮನೆಯಲ್ಲಿ ಆಕೆ ಕಂಡದ್ದು ಇಷ್ಟು: ಚಾರ್ಜಿಗೆ ಹಾಕಿದ ಫೋನು, ಟಾರ್ಚು, ಅಡಾಪ್ಟರು, ಬಿಸಿಲುಟೋಪಿ, ಮಂಚದ ಕೆಳಗೆ ಚಾಪೆಯ ಮರೆಯಲ್ಲಿ ನೀಲಿ ಸೂಟ್‌ಕೇಸು. ಒಂದು ಸಂಸಾರವನ್ನು ಮುಳುಗಿಸಲು ಇಷ್ಟು ಸಾಕ್ಷಿ ಧಾರಾಳವಾಯಿತು. ಕಪಾಟು ತೆರೆಯುವ ಸದ್ದು, ಮುಚ್ಚುವ ಸದ್ದು ನಮ್ಮ ಮನೆಯವರೆಗೂ ಕೇಳಿತು. ಹೆಡ್‌ಮೇಡಂ ಆಗಲೇ ಹಾಲಿಗೆ ಹೊರಟಿದ್ದರು. ನಾನು ಅವರ ಹಿಂದೆ ಓಡಿದೆ.

ಪಾಸ್ಟರ್ ಇಪ್ಪತ್ತು ಕುರ್ಚಿ ಹಾಕಿಸಿದ್ದರು. ಜನ ಬಂದದ್ದು ನೋಡಿದರೆ ಬಾಗಿಲಲ್ಲೂ ಜಾಗವಿಲ್ಲ. ನಮ್ಮ ಕಟ್ಟಡ ಪೂರ್ತಿ, ವರ್ಕ್‌ಶಾಪ್ ಪೂರ್ತಿ, ಮುಂದಿನ ಸಾಲಿನಲ್ಲಿ ಕರವಸ್ತ್ರ ಹಿಡಿದ ಸೂಪರಿಂಟೆಂಡೆಂಟ್, ಗೋಡೆಗೆ ಒರಗಿ ಬಿಕ್ಕುತ್ತಿರುವ ಭಾವಮೈದ. ಆಫ್ರಿಕಾಕ್ಕೆ ನಿಜವಾಗಿ ಹೋಗುವ ಹುಡುಗ ಹುಡುಗಿಯರು ಹಿಂದೆ ಕಿಟಕಿಯ ಕಟ್ಟೆ ಹತ್ತಿ ಕೂತಿದ್ದರು. "ಅಂಕಲ್, ನೆನಪುಗಳಿಗೆ ಇಷ್ಟೊಂದು ಜನ!" ಎಂದು ಪಾಸ್ಟರ್ ಪುಳಕಿತರಾದರು.

ಮಾವ ವೇದಿಕೆ ಹತ್ತಿದರು. ಅಷ್ಟು ಮುಖಗಳಲ್ಲಿ ಒಂದು ಮುಖ ಹುಡುಕಿದರು. ಅದು ಇರಲಿಲ್ಲ. ಆಕೆಗೆ ಹೇಳಲೇ ಇಲ್ಲ ಎಂಬುದು ಅವರಿಗೆ ಆಗ ಹೊಳೆಯಿತು. ಹೆಗಲು ಇಳಿಯಿತು. ಆದರೂ ಒಪ್ಪಿಕೊಂಡ ಕೆಲಸ.

"ನಾನು ಆಫ್ರಿಕಾಕ್ಕೆ ಹೊರಟಿದ್ದೇನೆ" ಎಂದರು.

ಹೆಡ್‌ಮೇಡಂ ಬಿಕ್ಕಿದರು.

"ಎದೆ ಡವಡವ ಹೊಡೆದುಕೊಳ್ಳುತ್ತಿದೆ. ಮನೆಯವರ ಮುಖ ನೋಡಲಾಗುತ್ತಿಲ್ಲ."

ಭಾವಮೈದ "ಭಾವಾ!" ಎಂದು ಗೋಳಾಡಿದ. ಮಾವ ಬೆರಗಾದರು. ಇಷ್ಟು ಬೇಗ ಜನರ ಮನಸ್ಸು ಕಲಕುತ್ತದೆಂದು ಪಾಸ್ಟರ್ ಕೂಡ ಹೇಳಿರಲಿಲ್ಲ. ಹುರುಪಿನಿಂದ ಧ್ವನಿ ಏರಿಸಿದರು.

"ಆದರೂ ಹೊರಟಿದ್ದೇನೆ. ಯಾರೂ ನನ್ನನ್ನು ತಡೆಯಲಾರರು!"

"ಯಾರು ತಡೀತಿದಾರೆ ನಿಮ್ಮನ್ನ?"

ಮಾತು ಬಾಗಿಲಿನಿಂದ ಬಂತು. ಜನ ಎರಡು ಪಾಲಾದರು. ಅತ್ತೆ ನಿಂತಿದ್ದರು. ಒಂದು ಕೈಯಲ್ಲಿ ನೀಲಿ ಸೂಟ್‌ಕೇಸು, ಇನ್ನೊಂದರಲ್ಲಿ ಹಳೆಯ ಕಂದು ಸೂಟ್‌ಕೇಸು. ಚಕ್ರಗಳು ಕರಕರ ಎನ್ನುತ್ತಾ ನಡುವಿನ ದಾರಿಯಲ್ಲಿ ಮುಂದೆ ಬಂದವು.

"ನಾನೇನು ತಡೆಯಕ್ಕೆ ಬಂದಿಲ್ಲ. ನಾನೂ ಬರ್ತೀನಿ."

"ಎಲ್ಲಿಗೆ?" ಎಂದರು ಮಾವ ಮೈಕಿನಲ್ಲಿ.

"ಆಫ್ರಿಕಾಗೆ."

"ಯಾವ ಆಫ್ರಿಕಾಗೆ?"

"ನಿಮಗೆಷ್ಟು ಆಫ್ರಿಕಾ ಇದೆ?"

"ಅಲ್ವೇ, ನಾನ್ಯಾಕೆ ಹೋಗ್ಲಿ? ಹೋಗಿ ಬಂದಾಯ್ತಲ್ಲ, ಆವಾಗ್ಲೇ!"

ಸೂಪರಿಂಟೆಂಡೆಂಟ್ ನಿಧಾನವಾಗಿ ಎದ್ದರು. "ಹಾಗಾದ್ರೆ ಸೋಮವಾರ?"

"ಸೋಮವಾರ ಕೆಲಸಕ್ಕೆ ಬರ್ತೀನಿ ಅಂದಿದ್ನಲ್ಲ ಸರ್."

ಎಲ್ಲರ ಕಣ್ಣೂ ಹೆಡ್‌ಮೇಡಂ ಕಡೆ ಹೊರಳಿತು. ಅವರು ಸೆಟೆದು ನಿಂತರು. "ವರ್ತಮಾನಕಾಲ! ನನ್ನ ಕಿವಿಯಾರೆ ಕೇಳಿದೀನಿ. ಈಗಲೂ ಅದೇ ಅಂದ್ರು, ನೀವೇ ಸಾಕ್ಷಿ!"

ವೇದಿಕೆಯ ಪಕ್ಕದಲ್ಲಿ ಪಾಸ್ಟರ್ ಶಾಲೆಯ ಹುಡುಗನಂತೆ ಕೈ ಎತ್ತಿದರು. "ಮೇಡಂ, ಆ ಕಾಲ ಹೇಳಿಕೊಟ್ಟಿದ್ದು ನಾನು."

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಆಮೇಲೆ ಗೋಡೆಗಳೂ ನಕ್ಕಂತಾಯಿತು. ಭಾವಮೈದ ಅಳುತ್ತಲೇ ನಕ್ಕ. ಆದರೆ ನಕ್ಕು ಮುಗಿದ ಮೇಲೆ ಲೋಕ ಮತ್ತೆ ತನ್ನ ಸ್ವಭಾವಕ್ಕೆ ಮರಳಿತು. ಒಬ್ಬರು ಗಡಿಯಾರ ನೋಡಿದರು, ಒಬ್ಬರು ಬ್ಯಾಗು ಹೆಗಲಿಗೆ ಏರಿಸಿದರು, ಕುರ್ಚಿಗಳು ಹಿಂದಕ್ಕೆ ಸರಿಯತೊಡಗಿದವು. ಮಾವ ಮೈಕಿನ ಮುಂದೆ ಹಾಗೇ ನಿಂತಿದ್ದರು.

ಅತ್ತೆ ಅದನ್ನು ನೋಡಿದರು. ಕಂದು ಸೂಟ್‌ಕೇಸನ್ನು ವೇದಿಕೆಯ ಎದುರಿಗೇ ಅಡ್ಡ ಮಲಗಿಸಿ ಅದರ ಮೇಲೆ ಕೂತರು. ಹಿಂದಕ್ಕೆ ತಿರುಗಿ, ಔಷಧಿ ಅಂಗಡಿಯ ಸಾಲನ್ನು ನಿಲ್ಲಿಸುವ ಧ್ವನಿಯಲ್ಲಿ ಹೇಳಿದರು: "ಒಬ್ಬರೂ ಏಳಬೇಡಿ. ಅವರು ಮುಗಿಸಲಿ." ಒಬ್ಬರೂ ಏಳಲಿಲ್ಲ. ಆಮೇಲೆ ಗಂಡನ ಕಡೆ ನೋಡಿ ಅಂದರು: "ಹೇಳಿ. ಬಸ್ಸಿಂದ ಇಳಿದ್ರಿ. ಆಮೇಲೆ?"

ಮಾವ ವರ್ತಮಾನಕಾಲವನ್ನು ಅಲ್ಲೇ ಕೈಬಿಟ್ಟರು.

"ಬಸ್ಸಿಂದ ಇಳಿದ್ವಿ. ನಾವು ಅಲ್ಲಿ ಒಂದು ಚಿಕ್ಕ ಆಸ್ಪತ್ರೆಗೆ ಚಾವಣಿ ಹಾಕಬೇಕಿತ್ತು. ಎಲ್ಲರಿಗಿಂತ ಮೊದಲು ಏಣಿ ಹತ್ತಿದೋನು ನಾನು. ಎಲ್ಲರಿಗಿಂತ ಮೊದಲು ಇಳಿದೋನೂ ನಾನೇ. ಏಣಿ ಇಲ್ಲದೆ ಇಳಿದೆ. ಕಾಲು ಮುರೀತು."

ಕಿಟಕಿಯ ಕಟ್ಟೆಯ ಮೇಲಿನ ಹುಡುಗರು ಫೋನು ಒಳಗಿಟ್ಟರು.

"ಪಕ್ಕದ ಮನೇಲಿ ಒಬ್ಬರು ಅಜ್ಜಿ ಇದ್ರು. ನನ್ನನ್ನ ಎತ್ತಿಸ್ಕೊಂಡು ಹೋಗಿ ಅವರ ಮನೆ ಮುಂದೆ ನೆರ​ಳಲ್ಲಿ ಕುರ್ಚಿ ಹಾಕಿ ಕೂರಿಸಿದ್ರು. ತಿಂಗಳು ಪೂರ್ತಿ ನಾನು ಆ ಕುರ್ಚಿ ಬಿಟ್ಟು ಏಳಲಿಲ್ಲ. ಊಟ ಅಲ್ಲಿಗೇ, ಕಾಲಿಗೆ ಶಾಖ ಅಲ್ಲಿಗೇ. ಮಕ್ಕಳೆಲ್ಲ ಬಂದು ಬೀಸಣಿಗೆ ಬೀಸೋವು. ಸೇವೆ ಮಾಡ್ತೀನಿ ಅಂತ ಹೋದೋನು ನಾನು. ಇಡೀ ಊರಿನ ಕೈಲಿ ಸೇವೆ ಮಾಡಿಸ್ಕೊಂಡು ಬಂದೆ."

"ನೀವೇನೂ ಮಾಡ್ಲಿಲ್ವಾ ಅಂಕಲ್?" ಎಂದಳು ಕಿಟಕಿಯ ಮೇಲಿನ ಹುಡುಗಿಯೊಬ್ಬಳು.

"ಕಾಳು ಬಿಡಿಸ್ತಿದ್ದೆ. ಅಜ್ಜಿ ಮೊರ ತಂದು ಮುಂದಿಡೋರು, ಇಬ್ಬರೂ ಕೂತು ಬಿಡಿಸೋದು. ನಾನು 'ಅಜ್ಜೀ ಅಜ್ಜೀ' ಅಂತ ಕರೀತಿದ್ನಲ್ಲ, ಊರಲ್ಲೆಲ್ಲ ಅದೇನೋ ದೊಡ್ಡ ಬಿರುದು ಅಂದ್ಕೊಂಡ್ರು. ನಾನು ಹೊರಡೋ ಹೊತ್ತಿಗೆ ಅಲ್ಲಿಯ ಮುಖಂಡರು ಕೂಡ ಅವರನ್ನ 'ಅಜ್ಜಿ' ಅಂತ್ಲೇ ಬಗ್ಗಿ ಮಾತಾಡಿಸ್ತಿದ್ರು."

ಮಾವ ಈಗ ನಿಲ್ಲುವ ಹಾಗಿರಲಿಲ್ಲ.

"ನಾನೂ ಅವರ ಭಾಷೇಲಿ ಒಂದು ಮಾತು ಕಲಿತೆ. ಎಲ್ಲರೂ ನನ್ನ ನೋಡಿದ ಕೂಡ್ಲೇ ನಗ್ತಾ ಅದೊಂದೇ ಮಾತು ಹೇಳೋರು. ನಮಸ್ಕಾರ, ಉಪಕಾರವಾಯ್ತು, ಆ ಥರ ಏನೋ ಇರಬೇಕು ಅಂದ್ಕೊಂಡೆ. ಹೊರಡೋ ದಿನ ಊರಿಗೆ ಊರೇ ಬಸ್ಸಿನ ಹತ್ರ ನಿಂತಿತ್ತು. ನಾನು ಊರುಗೋಲು ಹಿಡ್ಕೊಂಡು ಎದ್ದು ನಿಂತು, ಎದೆ ಮೇಲೆ ಕೈಯಿಟ್ಟು, ಆ ಮಾತನ್ನ ಗಟ್ಟಿಯಾಗಿ ಹೇಳ್ದೆ. ಎಲ್ಲರೂ ನೆಲದ ಮೇಲೆ ಕೂತ್ಬಿಟ್ರು."

"ಯಾಕೆ?" ಎಂದರು ಸೂಪರಿಂಟೆಂಡೆಂಟ್, ಮುಂದಕ್ಕೆ ಬಾಗಿ.

"ಅದರರ್ಥ 'ಏಳಬೇಡ, ಕೂತ್ಕೋ' ಅಂತ ಸರ್. ತಿಂಗಳಿಡೀ ಅವರು ನನಗೆ ಹೇಳಿದ್ದು ಅದನ್ನೇ."

ನಗು ಎದ್ದಿತು. ಮಾವ ಕೂಡ ನಕ್ಕರು. "ಕೂತ ಊರನ್ನ ಏಳಿಸೋ ಮಾತು ನಂಗೆ ಬರಲ್ಲ. ಏನ್ಮಾಡ್ಲಿ? ನಾನೂ ಕೂತೆ. ನಮ್ಮ ತಂಡದವರೂ ಕೂತ್ರು. ಡ್ರೈವರ್ ಕೂಡ ಇಳಿದು ಬಂದು ಕೂತ. ಸುಮ್ನೆ ಎಲ್ಲರೂ ಒಬ್ಬರನ್ನೊಬ್ಬರು ನೋಡ್ಕೊಂಡು ಕೂತಿದ್ವಿ."

ನಗು ತಾನಾಗಿ ತಗ್ಗಿತು. ಹೆಡ್‌ಮೇಡಂ ಮೂಗೊರೆಸಿಕೊಂಡರು.

"ಭಾಷೆ ಬರಲ್ಲ ಅಂತೀರಿ," ಎಂದರು ಅತ್ತೆ ಸೂಟ್‌ಕೇಸಿನ ಮೇಲಿಂದ. "ತಿಂಗಳಿಡೀ ಆ ಅಜ್ಜಿ ಹತ್ರ ಏನು ಮಾತಾಡ್ತಿದ್ರಿ?"

ಮಾವ ಮೈಕನ್ನು ಸ್ವಲ್ಪ ಕೆಳಗಿಳಿಸಿದರು, ಮತ್ತೆ ಮೇಲೆತ್ತಿದರು. "ನಾನು ಕನ್ನಡದಲ್ಲೇ ಮಾತಾಡ್ತಿದ್ದೆ. ಅವರಿಗೆ ಒಂದಕ್ಷರ ಗೊತ್ತಾಗ್ತಿರ್ಲಿಲ್ಲ. ಆದ್ರೆ ಮಧ್ಯದಲ್ಲಿ ಎದ್ದು ಹೋಗ್ತಿರ್ಲಿಲ್ಲ. ದಿನಾ ಪೂರ್ತಿ ಕೇಳೋರು. ಕೇಳಿ ಕೇಳಿ ಅವರೂ ಒಂದು ಕನ್ನಡ ಮಾತು ಕಲಿತ್ರು. ನನ್ನ ಬಾಯಲ್ಲಿ ಎಲ್ಲಕ್ಕಿಂತ ಜಾಸ್ತಿ ಬರ್ತಿದ್ದ ಮಾತು. ಬೆಳಿಗ್ಗೆ ಮೊರ ತಂದಿಟ್ಟು ನನ್ನ ಪಕ್ಕೆಗೆ ಬೆರಳಲ್ಲಿ ತಿವಿದು 'ಅವಳು?' ಅನ್ನೋರು. ನಾನು ಶುರು ಮಾಡ್ತಿದ್ದೆ."

ಅತ್ತೆಯ ಬೆನ್ನು ನೆಟ್ಟಗಾಯಿತು.

"ಯಾವಳು?"

ಮಾವ ಮೈಕಿನ ಪಕ್ಕದಲ್ಲಿದ್ದ ಲೋಟ ಎತ್ತಿದರು. ಅದರಲ್ಲಿ ನೀರಿರಲಿಲ್ಲ. ಖಾಲಿ ಲೋಟವನ್ನೇ ಕುಡಿದು ಕೆಳಗಿಟ್ಟರು.

"ಇದೇ ಹಾಲ್‌ನಲ್ಲಿ ಹಾಡೋ ಹುಡುಗೀರ ಗುಂಪಿತ್ತಲ್ಲ. ಎರಡನೇ ಸಾಲು. ಆ ಕೊನೇಲಿ, ಕಿಟಕಿ ಪಕ್ಕ ನಿಂತ್ಕೋತಿದ್ದೋಳು. ಮಾತಾಡಿಸೋ ಧೈರ್ಯ ನನಗಿರ್ಲಿಲ್ಲ. ಅಜ್ಜಿಗೆ ಎಲ್ಲಾ ಹೇಳಿದ್ದೆ. ಹಾಡ್ತಾ ಹಾಡ್ತಾ ಮೇಲಿನ ಸ್ವರಕ್ಕೆ ಕಣ್ಮುಚ್ಕೋತಾಳೆ, ನಕ್ಕರೆ ಬಾಯಿಗೆ ಕೈ ಅಡ್ಡ ಇಡ್ತಾಳೆ, ನಾನು ಎದುರಿಗೆ ಬಂದ್ರೆ ನೋಡೋದೇ ಇಲ್ಲ ಅಂತ. ಬಸ್ ಹತ್ತೋವಾಗ ಅಜ್ಜಿ ನನ್ನ ಎರಡೂ ಕೆನ್ನೆ ಹಿಡ್ಕೊಂಡು, ಬೈಯೋ ಹಾಗೆ, 'ಅವಳು!' ಅಂದ್ರು. ಈ ಸಲ ಪ್ರಶ್ನೆ ಅಲ್ಲ. ಊರಿಗೆ ಬಂದ ಮಾರನೇ ದಿನಾನೇ ನಿಮ್ಮಪ್ಪನ ಹತ್ರ ಹೋಗಿ ಕೇಳ್ದೆ."

ಭಾವಮೈದ ಮತ್ತೆ ಅಳಲು ಶುರುಮಾಡಿದ. ಈ ಸಲ ಅವನನ್ನು ಯಾರೂ ಸುಮ್ಮನಿರಿಸಲಿಲ್ಲ. ಅತ್ತೆ ಏನನ್ನೋ ಹೇಳಲು ಹೋಗಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಇಷ್ಟು ವರ್ಷ ಅವರನ್ನು ನೋಡಿದ್ದ ನಾವು ಅವರು ಹಾಗೆ ನಗುತ್ತಾರೆಂಬುದನ್ನು ಅವತ್ತೇ ಗಮನಿಸಿದ್ದು.

ಹೊರಗೆ ಬರುವಾಗ ಸೂಪರಿಂಟೆಂಡೆಂಟ್ ಆ ನೀಲಿ ಸೂಟ್‌ಕೇಸಿನ ಕಡೆ ಒಮ್ಮೆ ನೋಡಿದರು. ವಾಪಸು ಕೇಳುತ್ತಾರೇನೋ ಎಂದು ನಾನು ಹೆದರಿದೆ. "ಚಕ್ರಕ್ಕೆ ಸ್ವಲ್ಪ ಎಣ್ಣೆ ಬೇಕು" ಎಂದಷ್ಟೇ ಹೇಳಿ ಹೋದರು.

ಕಂದು ಸೂಟ್‌ಕೇಸನ್ನು ಮೆಟ್ಟಿಲು ಹತ್ತಿಸಿದವನು ನಾನು. ಕಲ್ಲು ತುಂಬಿದ ಹಾಗಿತ್ತು. ಮನೆಯೊಳಗೆ ಮಾವ ಎರಡನ್ನೂ ಮಂಚದ ಮೇಲಿಟ್ಟು ಬಿಚ್ಚಿದರು. ನೀಲಿಯದರಲ್ಲಿ ಅವರ ಅಂಗಿಗಳು, ಉಣ್ಣೆಯ ಸ್ವೆಟರು, ಗಡ್ಡದ ಸಾಮಾನು, ಓದುವ ಕನ್ನಡಕ, ಸೊಂಟ ನೋವಿಗೆ ಕಟ್ಟುವ ಪಟ್ಟಿ, ಅದಿಲ್ಲದೆ ಅವರಿಗೆ ನಿದ್ದೆ ಬರದ ಸಣ್ಣ ದಿಂಬು. ಕಂದು ಬಣ್ಣದ್ದರಲ್ಲಿ ಅವರ ಇನ್ನೊಂದು ಜೊತೆ ಬೂಟು, ಮಳೆಯ ಕೋಟು, ಮಲೇರಿಯಾ ಗುಳಿಗೆ, ಮತ್ತೆ ಅವರದೇ ಅಂಗಿಗಳು. ಮಾವ ತಳದವರೆಗೂ ಕೈ ಹಾಕಿ ನೋಡಿದರು.

"ಎಲ್ಲಾ ನನ್ನದೇ ಇದೆಯಲ್ಲೇ. ನಿನ್ನ ಬಟ್ಟೆ ಎಲ್ಲಿ?"

ಅತ್ತೆ ಹತ್ತಿರ ಬಂದು ಬಗ್ಗಿ ನೋಡಿದರು. ಒಂದು ಅಂಗಿ ಎತ್ತಿದರು, ಇನ್ನೊಂದು ಎತ್ತಿದರು. ತಾವೇ ಆಶ್ಚರ್ಯಪಟ್ಟಂತೆ ಕಂಡಿತು.

"ಇಟ್ಕೊಳ್ಳೋದು ಮರ್ತೋಗಿದೆ" ಎಂದರು.

"ಉಟ್ಟ ಬಟ್ಟೇಲಿ ಹಾಗೇ ಆಫ್ರಿಕಾವರೆಗೂ ಬಂದುಬಿಡ್ತಿದ್ಯಾ?"

"ಬರ್ತಿದ್ದೆ" ಎಂದರು ಅತ್ತೆ, ದಿಂಬನ್ನು ಅದರ ಜಾಗದಲ್ಲಿಡುತ್ತಾ.

ನಾನು ಸದ್ದಾಗದಂತೆ ಹೊರಗೆ ಬಂದು ಬಾಗಿಲು ಎಳೆದುಕೊಂಡೆ.